ಓಡಿಸುವ ಹಕ್ಕಿಗೆ ಚರಗ

ಆಗೆಲ್ಲ ಹಿರಿಯರು ಮಕ್ಕಳಿಗೆ ಕಾರಣ ಹೇಳಿ ಏನನ್ನೂ ಮಾಡುತ್ತಿರಲಿಲ್ಲ. ಎತ್ತಿಕೊಂಡು ಹೋಗಿ ಬಿಟ್ಟು ಬರುತ್ತಿದ್ದರು, ಅಷ್ಟೆ. ನನಗೆ ಆರು ವರ್ಷ. ದೀಪಾವಳಿ ಮುಗಿದ ಕೂಡಲೇ ಅಪ್ಪ ನನ್ನನ್ನು ಪುಣೆಯ ನಿಗಡಿಯಿಂದ ಕರೆದೊಯ್ದು, ವಿಜಯಪುರದ ಕಡೆಯ ಹಳ್ಳಿಯಲ್ಲಿ ಅವ್ವನ ತಾಯಿಯ ಮನೆಯಲ್ಲಿ ಬಿಟ್ಟು ಪುಣೆಗೆ ಮರಳಿದರು. ಬಸುರಿ ಅವ್ವ ಹಾಸಿಗೆ ಬಿಟ್ಟು ಏಳಬಾರದು ಎಂದು ಡಾಕ್ಟರು ಹೇಳಿದ್ದರಂತೆ. ಅದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ. ಹೆರಿಗೆಗೆ ತವರಿಗೆ ಬರಬೇಕಾದವಳು ಅವ್ವ, ಬಂದವಳು ನಾನು.

ಅಲ್ಲಿ ಮರವೇ ಇರಲಿಲ್ಲ ಎನ್ನಬೇಕು. ಕಣ್ಣು ಹಾಯ್ದಷ್ಟು ದೂರ ಕರಿಮಣ್ಣು, ಅದರ ಮೇಲೆ ಬಿಳಿಜೋಳ. ಬೆಳಗ್ಗೆ ಅಂಗಳಕ್ಕೆ ಸೆಗಣಿ ನೀರು ಹೊಡೆದು, ಒಲೆಗೆ ಸೆಗಣಿಯ ಕುಳ್ಳು ತಂದುಕೊಟ್ಟು, ಬಿಸಿ ರೊಟ್ಟಿಗೆ ಗುರೆಳ್ಳಿನ ಖಾರದ ಹಿಂಡಿ ಹಚ್ಚಿಕೊಂಡು ತಿಂದು ಅಜ್ಜಿಯ ಹಿಂದೆ ಹೊಲಕ್ಕೆ ಹೋಗುತ್ತಿದ್ದೆ. ಕಾವಲಿನ ಅಟ್ಟ ಹತ್ತಿ ಹಳೆಯ ಡಬ್ಬಿ ಬಡಿದು ಹಕ್ಕಿ ಓಡಿಸುವುದು ನನ್ನ ಪಾಲಿನ ಕೆಲಸ. ಗುಬ್ಬಿ, ಗಿಳಿಗಳು ಭರ್ರನೆ ಎದ್ದಾಗ ಇಡೀ ಹೊಲಕ್ಕೆ ನಾನೇ ಒಡತಿ ಎನಿಸುತ್ತಿತ್ತು.

ಎಳ್ಳಮಾವಾಸ್ಯೆ ಬಂತು. ಸಜ್ಜೆ ಕಡಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ ಬುಟ್ಟಿ ತುಂಬಿಕೊಂಡು ಹೊಲಕ್ಕೆ ಹೋದೆವು. ಪೂಜೆ ಮಾಡಿದ ಅಜ್ಜಿ ಎಲ್ಲ ಅಡುಗೆಯನ್ನೂ ಕಲಸಿ ಹೊಲದ ಸುತ್ತ ಎರಚುತ್ತ ನಡೆದಳು. ಇದು ಚರಗ, ಹುಳಹುಪ್ಪಡಿ, ಹಕ್ಕಿಪಕ್ಕಿ ಎಲ್ಲರ ಪಾಲು ಎಂದಳು. ಹಕ್ಕಿಗಳು ಇಳಿದವು, ನಾನು ಡಬ್ಬಿ ಬಡಿದೆ. ಅಜ್ಜಿ ಕೈ ಹಿಡಿದು ತಡೆದಳು, ಇವತ್ತು ಬಡಿಯಬಾರದಂತೆ. ನಿನ್ನೆ ಓಡಿಸಿದವನ್ನು ಇವತ್ತು ಊಟಕ್ಕೆ ಕರೆಯುವುದೆಂದರೆ? ನನಗೆ ತಲೆಬುಡ ತಿಳಿಯಲಿಲ್ಲ.

“ದಿನಾ ಓಡಸ್ತೀವಿ, ಖರೆ. ಹಂಗಂತ ಅವು ನಮ್ಮವಲ್ಲೇನು?” ಎಂದಳು ಅಜ್ಜಿ.

ಅಷ್ಟು ದಿನ ಕೇಳದಿದ್ದನ್ನು ಆಗ ಕೇಳಿದೆ. “ನನ್ನೂ ಅವ್ವ ಓಡಿಸ್ಯಾಳೇನು?”

ಅಜ್ಜಿಯ ಬಾಯಿಗೆ ಹೆದರದವರು ಆ ಊರಲ್ಲಿರಲಿಲ್ಲ. ಅಂಥವಳು ಕಡಬು ಮುರಿದು ನನ್ನ ಬಾಯಿಗಿಟ್ಟಳು. ಕಡಬು ರುಚಿಯಾಗಿತ್ತು.

ಎಳೆ ಜೋಳ ಸುಟ್ಟು ಸೀತನಿ ತಿನ್ನುವ ಕಾಲಕ್ಕೆ ಅವ್ವ ಬಂದಳು, ಕಂಕುಳಲ್ಲಿ ಕೂಸು. ನಾವು ಹೊಲದಲ್ಲಿ ಕುಳ್ಳಿನ ಕೆಂಡದ ಮುಂದಿದ್ದೆವು. ಓಡಿಹೋಗಲೋ ಕೂತೇ ಇರಲೋ ತಿಳಿಯದೆ ಅಜ್ಜಿಯ ಸೆರಗು ಹಿಡಿದೆ. ಅಜ್ಜಿ ಬಿಸಿ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳನ್ನು ನನ್ನ ಬೊಗಸೆಗೆ ಹಾಕಿದಳು.

“ಹೋಗು, ನಿಮ್ಮವ್ವಗ ತಿನ್ನಸು.”

ಅವ್ವ ಕೂಸನ್ನು ಅಜ್ಜಿಯ ಮಡಿಲಿಗೆ ಹಾಕಿ, ಎರಡೂ ಕೈಯಿಂದ ನನ್ನನ್ನು ಎಳೆದುಕೊಂಡಳು. ಕಾಳೆಲ್ಲ ಚೆಲ್ಲಿಹೋದವು. ಪುಣೆಯ ಬಸ್ಸು ಹತ್ತಿದಾಗ ಮಾತ್ರ ಅಜ್ಜಿಯೇ ಬೇಕೆಂದು ಅತ್ತೆ.

ಈಗ ಪುಣೆಯ ಕೋಥರೂಡದಲ್ಲಿ ಐದನೇ ಮಹಡಿಯ ಮನೆಯಲ್ಲಿದ್ದೇನೆ. ಪಾರಿವಾಳದ ಕಾಟಕ್ಕೆ ಬಾಲ್ಕನಿಗೆ ನಾನೇ ನೈಲಾನ್ ಜಾಳಿ ಬಡಿಸಿದ್ದೇನೆ. ಈ ಸಲ ಎಳ್ಳಮಾವಾಸ್ಯೆಯಂದು ಅದರ ಸಂದಿಯಿಂದ ಬೆರಳು ತೂರಿಸಿ ಆಚೆಯ ಕಟ್ಟೆಗೆ ಹಿಡಿ ಜೋಳ ಉದುರಿಸುತ್ತಿದ್ದೆ. ಮಗಳು ನೋಡಿದಳು.

“ಮಮ್ಮಿ, ಓಡಸೂದೋ ಕರಿಯೂದೋ, ಒಂದು ನಕ್ಕಿ ಮಾಡು.”

ಅಜ್ಜಿಯ ಮಾತು ನಾಲಿಗೆಯ ತುದಿಗೆ ಬಂತು. ಉಳಿದ ಜೋಳವನ್ನೂ ಸಂದಿಯಿಂದ ಉದುರಿಸಿದೆ. ಅಜ್ಜಿ ಹಬ್ಬದ ದಿನ ಡಬ್ಬಿಯನ್ನು ಸುಮ್ಮನಾಗಿಸಬಲ್ಲವಳಾಗಿದ್ದಳು. ನನ್ನ ಜಾಳಿಯನ್ನು ಒಂದು ದಿನದ ಮಟ್ಟಿಗೆ ಬಿಚ್ಚಲು ಬರುವುದಿಲ್ಲ.