ಅಂಗಡಿ ತಮ್ಮನ ಹೆಸರಿಗಾದ ದಿನ

ಡೊಂಬಿವ್ಲಿ ಸ್ಟೇಷನ್ನಿನ ಪೂರ್ವಕ್ಕೆ ಅಪ್ಪನದೊಂದು ಸಣ್ಣ ಅಂಗಡಿ ಇತ್ತು. ಉಡುಪಿ ಕಡೆಯಿಂದ ಬಂದು ಬೇರೆಯವರ ಹೋಟೆಲಿನಲ್ಲಿ ಹದಿನೈದು ವರ್ಷ ದುಡಿದ ಮೇಲೆ ಕೊಂಡ ಜಾಗ. ಮೊದಲು ಅಲ್ಲಿ ಅವರೇ ಇಡ್ಲಿ-ವಡೆ ಮಾರುತ್ತಿದ್ದರು. ಮಂಡಿ ನೋವು ಶುರುವಾದ ಮೇಲೆ ಮೊಬೈಲ್ ರಿಪೇರಿಯವನೊಬ್ಬನಿಗೆ ಬಾಡಿಗೆಗೆ ಕೊಟ್ಟಿದ್ದರು.

ಆ ಅಂಗಡಿ ತಮ್ಮನಿಗೆ ಹೋಗುತ್ತಿದೆ ಎಂದು ನನಗೆ ಗೊತ್ತಾದದ್ದು ಅಮ್ಮನ ಫೋನಿನಿಂದ. ನಾನು ವಾಗ್ಳೆ ಎಸ್ಟೇಟಿನ ಆಫೀಸಿನಲ್ಲಿ ಮಾಲು ಕಳಿಸುವ ಚಲನ್ ಟೈಪ್ ಮಾಡುತ್ತಿದ್ದೆ.

"ಬುಧವಾರ ಅರ್ಧ ದಿನ ರಜೆ ಹಾಕ್ಲಿಕ್ಕೆ ಆಗ್ತದಾ?"

"ಎಂತಕ್ಕೆ?"

"ಅಂಗಡಿ ತಮ್ಮನ ಹೆಸರಿಗೆ ಮಾಡುದು ಅಂತ ಅಪ್ಪ ಹೇಳಿದ್ರು. ಅವನು ಅದನ್ನು ಮಾರಿ ಸೀವುಡ್ಸಲ್ಲಿ ಫ್ಲ್ಯಾಟ್ ತಗೊಳ್ತಾನಂತೆ. ಸಾಕ್ಷಿಗೆ ಇಬ್ಬರು ಬೇಕಂತೆ. ರಿಜಿಸ್ಟ್ರೇಶನ್ ಆಫೀಸು ಕಲ್ಯಾಣದಲ್ಲಿ. ನಿನ್ನ ಮನೆಗೆ ಹತ್ರ ಅಲ್ವಾ?"

ಆಯ್ತು ಎಂದೆ. ಫೋನ್ ಇಟ್ಟು, ಅರ್ಧಕ್ಕೆ ನಿಂತಿದ್ದ ಚಲನ್ ಮುಗಿಸಿದೆ. ಮತ್ತೊಮ್ಮೆ ಓದಿದೆ. ಒಂದು ತಪ್ಪೂ ಇರಲಿಲ್ಲ.

ಅದಕ್ಕೆ ಎರಡು ವರ್ಷ ಮೊದಲು ನನ್ನ ಗಂಡ ಕೆಲಸ ಮಾಡುತ್ತಿದ್ದ ಭಿವಂಡಿಯ ಗೋದಾಮು ಮುಚ್ಚಿತ್ತು. ಅದೇ ಸಮಯಕ್ಕೆ ಮಗಳಿಗೆ ಫಾರ್ಮಸಿ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಮದುವೆಯಾದ ಮೇಲೆ ಮೊದಲ ಸಲ ಅಪ್ಪನ ಹತ್ತಿರ ಹಣ ಕೇಳಿದೆ. ಅಮ್ಮ ಊರಿಗೆ ಹೋಗಿದ್ದಳು. ಅಪ್ಪ ಒಬ್ಬರೇ ಕೂತು ಪೇಪರ್ ಓದುತ್ತಿದ್ದರು. ಪೇಪರ್ ಮಡಿಸಿ ಪಕ್ಕಕ್ಕಿಟ್ಟರು.

"ಈಗ ಕೈಯಲ್ಲಿ ಎಂತದೂ ಇಲ್ಲ ಮಗಾ. ನಿನ್ನದು ಹೇಗಾದ್ರೂ ನಡೀತದೆ. ನೀನು ಗಟ್ಟಿ."

ಆಮೇಲೆ ಚಹಾ ಮಾಡಲಾ ಎಂದು ಕೇಳಿದರು. ನಾನೇ ಎದ್ದು ಇಬ್ಬರಿಗೂ ಮಾಡಿದೆ. ಅವರ ಮಾತನ್ನು ಆವತ್ತು ನಂಬಿದ್ದೆ. ಕಟ್ಟಬೇಕಾದ ದಿನಕ್ಕೆ ಫೀಸು ಹೊಂದಿಸಲು ಆಗಲಿಲ್ಲ, ಸೀಟು ಹೋಯಿತು. ಮಗಳು ಮನೆ ಹತ್ತಿರದ ಕಾಲೇಜಿನಲ್ಲಿ ಕಾಮರ್ಸ್ ಸೇರಿದಳು. "ಚಾಲೇಲ್ ಆಯೀ," ಎಂದಳು, ನಡೆಯುತ್ತದೆ ಬಿಡು ಎನ್ನುವ ಹಾಗೆ. ಎರಡು ದಿನ ಊಟ ಮಾತ್ರ ಕಡಿಮೆ ಮಾಡಿದಳು.

ಬುಧವಾರ ರಿಜಿಸ್ಟ್ರೇಶನ್ ಆಫೀಸಿನ ಹೊರಗೆ ಅಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದರು. ತಮ್ಮ ನಿಂತೇ ಫೋನಿನಲ್ಲಿ ಮಾತಾಡುತ್ತಿದ್ದ. ನನ್ನನ್ನು ಕಂಡು ಕೈ ಎತ್ತಿದ. ಇನ್ನೊಬ್ಬ ಸಾಕ್ಷಿ ಅವನ ಗೆಳೆಯ. ವಕೀಲರು ಕಾಗದಗಳನ್ನು ಜೋಡಿಸುತ್ತ ಅಪ್ಪನಿಗೆ ಹಿಂದಿಯಲ್ಲಿ ಹೇಳಿದರು, ಮಗಳನ್ನೇ ಸಾಕ್ಷಿಗೆ ಕರೆಸಿದ್ದು ಒಳ್ಳೆಯದಾಯಿತು, ನಾಳೆ ಯಾರೂ ತಕರಾರು ತೆಗೆಯುವ ಹಾಗಿಲ್ಲ ಎಂದು. ನಾನು ಎರಡು ಅಡಿ ದೂರದಲ್ಲಿದ್ದೆ. ನನ್ನನ್ನು ಕರೆದದ್ದು ಮನೆ ಹತ್ತಿರ ಎಂದಲ್ಲ ಎಂದು ಆಗ ತಿಳಿಯಿತು. ಅಪ್ಪ ನನ್ನ ಕಡೆ ನೋಡಲಿಲ್ಲ. ತಮ್ಮ ಫೋನಿನಿಂದ ತಲೆ ಎತ್ತಲಿಲ್ಲ.

ಒಳಗೆ ಕಂಪ್ಯೂಟರಿನ ಮುಂದಿದ್ದ ಹೆಂಗಸು ಕೇಳಿದಳು, "ತುಮ್ಚಂ ನಾತಂ?"

ಸಂಬಂಧ ಏನು ಎಂದು. "ಮುಲಗಿ," ಎಂದೆ. ಮಗಳು.

ಅವಳು ಕಾಗದ ನೋಡಿದಳು, ತಮ್ಮನನ್ನು ನೋಡಿದಳು, ಆಮೇಲೆ ನನ್ನನ್ನು. ಹೆಬ್ಬೆಟ್ಟಿನ ಮೆಷಿನನ್ನು ನನ್ನ ಕಡೆ ತಿರುಗಿಸಿದಳು. ಎರಡು ಸಲ ಒತ್ತಿದರೂ ಅದು ತೆಗೆದುಕೊಳ್ಳಲಿಲ್ಲ. ಸೆರಗಿಗೆ ಒರೆಸಿ ಮೂರನೆಯ ಸಲ ಒತ್ತಿದೆ.

ಹೊರಗೆ ಬಂದು ಎಲ್ಲರೂ ಹೋಟೆಲಿಗೆ ಹೋದೆವು. ತಮ್ಮನೇ ಕರೆದುಕೊಂಡು ಹೋದ. "ಅಕ್ಕ, ಗೃಹಪ್ರವೇಶಕ್ಕೆ ದೋ ದಿನ್ ಪೆಹಲೇ ಆಜಾನಾ. ಅಮ್ಮನಿಗೆ ಒಬ್ಬಳಿಗೇ ಆಗೂದಿಲ್ಲ," ಎಂದ. ಬರುತ್ತೇನೆ ಎಂದೆ. ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ತಿಂದೆ, ಸಾಂಬಾರು ಎರಡನೆಯ ಸಲ ಹಾಕಿಸಿಕೊಂಡೆ. ಸಿಟ್ಟು ಬರುತ್ತದೆ ಎಂದು ಮಧ್ಯಾಹ್ನವೆಲ್ಲ ಕಾದೆ. ಬರಲಿಲ್ಲ. ಸಂಜೆ ಗಂಡ "ಆಯ್ತಾ?" ಎಂದಾಗ "ಆಯ್ತು" ಎಂದು ಕುಕ್ಕರ್ ಇಟ್ಟೆ.

ಗೃಹಪ್ರವೇಶಕ್ಕೆ ಎರಡು ದಿನ ಮೊದಲೇ ಹೋದೆ. ಹನ್ನೊಂದನೆಯ ಮಹಡಿ, ಒಳ್ಳೆಯ ಗಾಳಿ. ಹಾಲು ಉಕ್ಕಿಸಿ, ಪೂಜೆ ಮುಗಿದ ಮೇಲೆ ಅಮ್ಮ ಅಡುಗೆಮನೆಯಲ್ಲಿ ತಮ್ಮನ ಅತ್ತೆಗೆ ಹೇಳುತ್ತಿದ್ದಳು, "ನನ್ನ ಮಗಳು ಯಾವತ್ತೂ ಎಂತದೂ ಕೇಳಿದವಳಲ್ಲ." ಹೊಗಳಿಕೆಯಾಗಿಯೇ ಹೇಳಿದಳು.

"ಒಂದು ಸಲ ಕೇಳಿದ್ದೆ," ಎಂದೆ.

"ಎಂತ?"

"ಮಗಳ ಸೀಟಿಗೆ. ಅಪ್ಪನ ಹತ್ರ. ನೀನು ಊರಿಗೆ ಹೋಗಿದ್ದೆ."

ತಮ್ಮನ ಅತ್ತೆ ಲೋಟಗಳ ಟ್ರೇ ಎತ್ತಿಕೊಂಡು ಹೊರಗೆ ಹೋದರು. ಅಮ್ಮ ಪಾಯಸದ ಸೌಟು ಹಿಡಿದು ನಿಂತಳು. "ನನಗೆ ಹೇಳ್ಲೇ ಇಲ್ಲ ಅವರು," ಎಂದಳು. ಅಪ್ಪ ಬಾಲ್ಕನಿಯಲ್ಲಿ ಬೀಗರಿಗೆ ದೂರದ ಖಾಡಿಯ ನೀರು ತೋರಿಸುತ್ತಿದ್ದರು. ಅಮ್ಮ ಅವರನ್ನು ಕರೆಯಲಿಲ್ಲ. ಪಾಯಸ ತಳ ಹಿಡಿಯುತ್ತಿತ್ತು, ನಾನು ಗ್ಯಾಸ್ ಆರಿಸಿದೆ.

ಒಂದು ವಾರ ಬಿಟ್ಟು ಅಮ್ಮ ಒಬ್ಬಳೇ ಲೋಕಲ್ ಹಿಡಿದು ಕಲ್ಯಾಣಕ್ಕೆ ಬಂದಳು. ಡೊಂಬಿವ್ಲಿಯಿಂದ ಎರಡೇ ಸ್ಟೇಷನ್, ಆದರೂ ಒಬ್ಬಳೇ ಬಂದದ್ದು ಅದೇ ಮೊದಲು. ಚಪ್ಪಲಿ ಬಿಟ್ಟವಳೇ ಕುರ್ಚಿಯ ತುದಿಯಲ್ಲಿ ಕೂತಳು.

"ಕೇಳಿದೆ ಅವರ ಹತ್ರ," ಎಂದಳು.

"ಎಂತ ಹೇಳಿದ್ರು?"

"ಅವಳಿಗೆ ಇಲ್ಲ ಅಂದ್ರೆ ಅವಳು ಮುಂದಿನ ಆದಿತ್ಯವಾರವೂ ಬರ್ತಾಳೆ. ಅವನಿಗೆ ಇಲ್ಲ ಅಂದ್ರೆ ಅವನು ಮತ್ತೆ ಬರುದಿಲ್ಲ. ಹಾಗೆ ಹೇಳಿದ್ರು."

ಅದು ಸರಿಯಾಗಿಯೇ ಇತ್ತು. ಆ ಎರಡು ವರ್ಷ ನಾನು ಒಂದು ಆದಿತ್ಯವಾರವನ್ನೂ ತಪ್ಪಿಸಿರಲಿಲ್ಲ.

ಮಗಳು ಒಳಗಿನಿಂದ ಬಂದಾಗ ಅಮ್ಮ ಅವಳ ಕೈ ಹಿಡಿದು, "ನನಗೆ ಗೊತ್ತಿದ್ರೆ ಬಳೆ ಆದ್ರೂ ಕೊಡ್ತಿದ್ದೆ," ಎಂದಳು. ಮಗಳು ಮರಾಠಿಯಲ್ಲಿ, "ಜಾವು ದೇ ನಾ ಆಜೀ," ಎಂದಳು, ಹೋಗಲಿ ಬಿಡಜ್ಜಿ ಎಂದು. ಅಮ್ಮ ಎರಡು ದಿನ ನಮ್ಮಲ್ಲೇ ಉಳಿದಳು. ಅಪ್ಪ ಫೋನ್ ಮಾಡಿ ಬಿಪಿ ಮಾತ್ರೆ ಎಲ್ಲಿಟ್ಟಿದ್ದೀ ಎಂದು ಕೇಳಿದರು. ಹೇಳಿದಳು. ಮರುದಿನ ನಾನೇ ಅವಳನ್ನು ಡೊಂಬಿವ್ಲಿಗೆ ಬಿಟ್ಟು ಬಂದೆ.

ಈಗಲೂ ಆದಿತ್ಯವಾರ ಹೋಗುತ್ತೇನೆ. ಮೀನು ತಗೊಂಡು ಹೋಗಿ ಅಲ್ಲೇ ಸಾರು ಮಾಡುತ್ತೇನೆ. ಅಪ್ಪ ಮಗಳ ಪರೀಕ್ಷೆ ಹೇಗಾಯಿತು ಎಂದು ಕೇಳುತ್ತಾರೆ, ಚೆನ್ನಾಗಿ ಆಯಿತು ಎನ್ನುತ್ತೇನೆ. ಅಮ್ಮ ಮಾತ್ರ ನಾನು ಬಂದ ದಿನ ಅಪ್ಪನಿಗೆ ತಾನು ಬಡಿಸುವುದಿಲ್ಲ. ನಾನೇ ಬಡಿಸುತ್ತೇನೆ. ಅವರು ತಲೆ ತಗ್ಗಿಸಿ ಊಟ ಮಾಡುತ್ತಾರೆ, ಉಪ್ಪು ಹೆಚ್ಚಾದರೂ ಹೇಳುವುದಿಲ್ಲ.