ಐದು ಪ್ಲೇಟು, ಎಂಟು ಮಿರ್ಚಿ

ಇವತ್ತು ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಮಿರ್ಚಿ ಕರಿಯುವ ವಾಸನೆ ಬಂತು. ಕಡಲೆಹಿಟ್ಟು, ಅಜವಾನ, ಕಾದ ಎಣ್ಣೆ... ಕಾಲೇಜಿಗೆ ಹೊತ್ತಾಗಿದ್ದರೂ ನಿಂತೆ. ಮಾನ್ವಿಯ ಆಪಾ ನೆನಪಾದರು.

ಆಪಾ ಅಂದರೆ ಅಕ್ಕ; ನಮ್ಮ ಪಕ್ಕದ ಮನೆಯವರು, ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದರು. ನಾನು ದ್ವಿತೀಯ ಪಿಯುಸಿಯಲ್ಲಿ ಅದೊಂದೇ ವಿಷಯದಲ್ಲಿ ಫೇಲಾಗಿದ್ದೆ. ಪೂರಕ ಪರೀಕ್ಷೆ ಪಾಸಾದರೆ ರಾಯಚೂರಿನಲ್ಲಿ ಬಿಎಸ್ಸಿ, ಇಲ್ಲವಾದರೆ ಓದು ಅಲ್ಲಿಗೇ ಮುಗಿಯಿತೆಂದು ಅಪ್ಪ ಹೇಳಿಯಾಗಿತ್ತು. ನನ್ನಂತೆಯೇ ಫೇಲಾದ ಇನ್ನು ಮೂವರ ಜೊತೆ ಆಪಾ ನನ್ನನ್ನೂ ದಿನಾ ಬೆಳಿಗ್ಗೆ ಮನೆಯಲ್ಲಿ ಪಾಠಕ್ಕೆ ಕೂಡಿಸಿಕೊಂಡರು.

ನಾನು ಎಡವುತ್ತಿದ್ದದ್ದು ಲಿಮಿಟಿಂಗ್ ರಿಯೇಜೆಂಟ್ ಲೆಕ್ಕದಲ್ಲಿ. ಕೂಡುವ ಎರಡು ವಸ್ತುಗಳಲ್ಲಿ ಯಾವುದು ಮೊದಲು ಮುಗಿಯುತ್ತದೆ ಎಂದು ಹುಡುಕಬೇಕು. ಹೈಡ್ರೋಜನ್ ಎಂಟು ಮೋಲ್, ಆಕ್ಸಿಜನ್ ಐದು ಮೋಲ್ ಕೊಟ್ಟರೆ ನೀರೆಷ್ಟು? ಐದು ಕಡಿಮೆ ಎಂದು ನಾನು ಆಕ್ಸಿಜನ್ನಿಗೇ ಗುರುತು ಹಾಕುತ್ತಿದ್ದೆ. ಎಷ್ಟು ಸಲ ತಿದ್ದಿದರೂ ಅದೇ ತಪ್ಪು.

ಒಂದು ಬೆಳಿಗ್ಗೆ ಆಪಾ ಐದು ಪ್ಲೇಟು ಮಂಡಕ್ಕಿ ಒಗ್ಗರಣಿ-ಮಿರ್ಚಿ ತರಲು ನನ್ನನ್ನು ಕಳಿಸಿದರು. ಬಂಡಿಯವನ ಹತ್ತಿರ ಉಳಿದಿದ್ದದ್ದು ಎಂಟೇ ಮಿರ್ಚಿ. ಒಗ್ಗರಣೆಯ ಮೇಲೆ ಜೋಡಿ ಮಿರ್ಚಿ ಇಡುವುದು ನಮ್ಮ ಕಡೆಯ ರೂಢಿ. ಒಂದೇ ಇಟ್ಟು ಯಾರ ಮುಂದೆಯೂ ಪ್ಲೇಟು ಇಡುವುದಿಲ್ಲ. ತಂದು ಪ್ಲೇಟಿಗೆ ಎರಡೆರಡು ಇಡುತ್ತ ಹೋದೆ. ಕೊನೆಯ ಪ್ಲೇಟಿಗೆ ಮಿರ್ಚಿ ಉಳಿಯಲಿಲ್ಲ.

"ಯಾವುದು ಮೊದ್ಲ ಮುಗೀತು?" ಆಪಾ ಕೇಳಿದರು.

"ಮಿರ್ಚಿ."

"ಐದಕ್ಕಿಂತ ಎಂಟು ಹೆಚ್ಚಲ್ಲೇನು ಮತ್ತ?"

ನಾನು ಸಮೀಕರಣ ನೋಡಿದೆ. ಒಂದು ಆಕ್ಸಿಜನ್ನಿಗೆ ಎರಡು ಹೈಡ್ರೋಜನ್. ಮುಗಿಯುವುದು ಹೈಡ್ರೋಜನ್.

"ಇಕಿಗೆ ಮಿರ್ಚಿ ವಾಸನಿ ಬಡಿದ ಮ್ಯಾಲೇ ತಲಿ ಓಡ್ತದ ನೋಡ್ರಿ ಆಪಾ," ಎಂದಳು ಪಕ್ಕದಲ್ಲಿ ಕೂತಿದ್ದ ಗೆಳತಿ.

ಎಂಟು ಮೋಲ್ ನೀರು ಎಂದು ಬರೆದು ಪೆನ್ನು ಇಟ್ಟೆ. ಆಪಾ ಬಿಡಲಿಲ್ಲ. "ಉಳಿದದ್ದೂ ಬರಿ. ಅದನ್ನ ಬಿಟ್ರ ಉತ್ತರ ಅರ್ಧ." ಒಂದು ಮೋಲ್ ಆಕ್ಸಿಜನ್ ಎಂದು ಸೇರಿಸಿದೆ. ಬರಿ ಒಗ್ಗರಣೆಯ ಪ್ಲೇಟನ್ನು ಅವರೇ ಎಳೆದುಕೊಂಡರು. ಡಾಕ್ಟರು ಕರಿದದ್ದು ಬೇಡ ಅಂದಿದ್ದಾರೆ ಎಂದರು. ನಮಗಾಗಿ ಹೇಳಿದ ನೆಪವೆಂದುಕೊಂಡೆವು...

ನೆಪವಾಗಿರಲಿಲ್ಲ. ನನ್ನ ಫಲಿತಾಂಶ ಬರುವಷ್ಟರಲ್ಲಿ ಆಪಾ ಇರಲಿಲ್ಲ. ಪಾಸಾದೆ ಎಂದು ಹೇಳಲು ಪಕ್ಕದ ಮನೆಯ ಬಾಗಿಲವರೆಗೆ ಹೋಗಿ, ಬೀಗ ನೋಡಿ ಬಂದೆ.

ಈಗ ನಾನೂ ಕೆಮಿಸ್ಟ್ರಿ ಕಲಿಸುತ್ತೇನೆ. ಪೂರಕ ಪರೀಕ್ಷೆಗೆ ಕೂರಲಿರುವ ನಾಲ್ವರು ಹುಡುಗಿಯರು ಇವತ್ತು ಕ್ಲಾಸಿನಲ್ಲಿ ಕಾಯುತ್ತಿದ್ದಾರೆ. ಅವರಲ್ಲೊಬ್ಬಳು ನಿನ್ನೆ ಆಕ್ಸಿಜನ್ನಿಗೇ ಗುರುತು ಹಾಕಿ, ಇದು ನನ್ನಿಂದಾಗದು ಎಂದು ಪುಸ್ತಕ ಮುಚ್ಚಿದ್ದಳು. ಆಗುವವರೆಗೆ ನಾನು ಬಿಡುವವಳಲ್ಲ.

ಐದು ಪ್ಲೇಟು ಕಟ್ಟಲು ಹೇಳಿದೆ. ಬಂಡಿಯವನು ಹತ್ತು ಮಿರ್ಚಿ ಎಣಿಸತೊಡಗಿದ.

"ಎಂಟು ಸಾಕ್ರಿ," ಎಂದೆ.