ತುಳಿದು ತುಂಬಿದ ಪುಟಗಳ ಕಾವಲುಗಾರ

ಬ್ಯಾಡಗಿಯ ಕೋಲ್ಡ್ ಸ್ಟೋರೇಜೊಂದರಲ್ಲಿ ಮಹಮ್ಮದ್ ಹನೀಫ್ ಎಂಬ ಮಹಾವೀರನಿದ್ದ. ಆಯುಧ ಒಂದು ಕೀಬೋರ್ಡು. ಅದರಲ್ಲೂ ಎರಡು ಗುಂಡಿ ಮೆಣಸಿನಕಾಯಿ ಘಾಟಿಗೆ ಪ್ರಾಣ ಬಿಟ್ಟಿದ್ದವು. ಯಾರ ಚೀಲ ಯಾವ ಕೋಣೆಯಲ್ಲಿದೆ ಎಂಬ ದಾಖಲೆಯೆಲ್ಲ ಅವನ ಡೇಟಾಬೇಸಿನಲ್ಲಿತ್ತು. ವಯಸ್ಸು ನಲವತ್ತೆಂಟು. ಹಾವೇರಿಯ ಎರಡು ಆಫೀಸುಗಳು ಆಗಲೇ ಮುದುಕನೆಂದು ಹಿಂದಕ್ಕೆ ಕಳಿಸಿದ್ದವು. ಈ ಕುರ್ಚಿ ಹೋದರೆ ಇನ್ನೊಂದಿರಲಿಲ್ಲ.

2009ರಲ್ಲಿ ಡಿಸ್ಕು ತುಂಬಿತು. ಮಾಲೀಕ ಪ್ರಭುಲಿಂಗಪ್ಪನವರ ಅಪ್ಪಣೆಯಾಯಿತು: "ಹೊಸಾದ್ಯಾಕ? ಕಾಯಿಗೆ ನೀರ ಹೊಡದು ಚೀಲದಾಗ ತುಳೀತೀವಲ್ಲ, ಹಂಗ ತುಳದು ತುಂಬು."

ಹನೀಫ್ ತುಂಬಿದ. ಡೇಟಾಬೇಸಿನ ದಾಖಲೆ ಪುಟಗಳು ಕುಗ್ಗಿ ಡಿಸ್ಕಿನಲ್ಲಿ ಅರ್ಧ ಜಾಗಕ್ಕಿಳಿದವು. ತಾವೇ ತುಳಿದಂತೆ ಸಾಹುಕಾರರು ಬೀಗಿದರು. ಆದರೆ ಓದಲು ಬಿಚ್ಚಿದ ಪುಟದ ಜೊತೆ ಕುಗ್ಗಿದ ಪುಟವೂ ಮೆಮೊರಿಯಲ್ಲೇ ಕೂಡುತ್ತಿತ್ತು, ಅಳಿಯನ ಬೆನ್ನಿಗೆ ಬೀಗರೂ ಬಂದು ಠಿಕಾಣಿ ಹೂಡಿದಂತೆ. ಮೆಮೊರಿ ಎಷ್ಟು ತುಂಬಿತೆಂದು ಹನೀಫ್ ತಾಸಿಗೊಮ್ಮೆ ಅಳೆದು ನೋಟಬುಕ್ಕಿನಲ್ಲಿ ಬರೆಯತೊಡಗಿದ. ಅಂಕಿ ದಿನದಿಂದ ದಿನಕ್ಕೆ ದಪ್ಪಗಾಯಿತು.

"ಸಾವ್ಕಾರ್ರ, ಮಾರ್ಕೆಟ್ ದಿನ ಎಲ್ಲಾರೂ ಕೂಡೇ ಬಂದ್ರ ಮಷಿನ್ ಕುಂತ ಬಿಡತೈತ್ರಿ. ಮೆಮೊರಿ ಹಾಕಸ್ರಿ."

ಸಾಹುಕಾರರು ನೋಟಬುಕ್ಕು ತಿರುವಿದರು. "ಅಲ್ಲೋ ಹನೀಫಾ, ತುಳದ ಚೀಲಾ ಬಿಚ್ಚಿ ಬಿಚ್ಚಿ ನೋಡಿದ್ರ ಕಾಯಿ ಉಬ್ಬತೈತಿಲ್ಲೋ? ತಾಸಿಗೊಮ್ಮೆ ನೀ ಇಣುಕೂದಕ್ಕ ಇದೂ ಉಬ್ಬಾಕತ್ತೈತಿ. ನಾಳಿಂದ ನೋಡಬ್ಯಾಡ!"

ಮೂವತ್ತು ವರ್ಷ ಮೆಣಸಿನಕಾಯಿ ಕಂಡವರ ವೇದಾಂತ. ಎದುರಾಡಿದರೆ ಕುರ್ಚಿಯೇ ಹೋಗುತ್ತಿತ್ತು. ವೀರ ನೋಟಬುಕ್ಕು ಮುಚ್ಚಿದ.

ಗುರುವಾರ ಮಾರ್ಕೆಟ್ ದಿನ, ಪೇಟೆಯೆಲ್ಲ ಬಾಗಿಲಿಗೆ ಬಂತು. ಕಂಪ್ಯೂಟರು ತಪಸ್ಸಿಗೆ ಕೂತಿತು. ಅಗಡಿಯ ರೈತ ದುರಗಪ್ಪ ಕಿಟಕಿಗೆ ಮುಖವಿಟ್ಟು ಅರಚಿದ: "ನನ್ನ ಚೀಲಾ ಕೊಡ್ರಿ, ಇಲ್ಲಾಂದ್ರ ಈ ಟೀವಿನರ ಕೊಡ್ರಿ, ಹೊತಗೊಂಡು ಹೊಕ್ಕೇನಿ!"

ಸಾಹುಕಾರರು ಹನೀಫನತ್ತ ತಿರುಗಿದರು. "ನೀ ಯಾಕ ನೋಡಲಿಲ್ಲೋ?"

"ನೀವ ಬ್ಯಾಡ ಅಂದ್ರಲ್ರಿ."

"ನಾ ನೂರು ಅಂತೀನಿ. ನಿನಗ ಬುದ್ಧಿ ಬ್ಯಾಡೇನು?"

ಮರುದಿನವೇ ಹುಬ್ಬಳ್ಳಿಯಿಂದ ಮೆಮೊರಿ ಬಂತು. ತೆಂಗಿನಕಾಯಿ ಒಡೆದು ಹಾಕಿಸಿದರು. ಎಷ್ಟು ಪುಟ ಬಿಚ್ಚಿದರೂ ಜಾಗ ಉಳಿಯಿತು. ಹನೀಫ್ ಗೆದ್ದಿದ್ದ! ಎಂದೂ ಇಲ್ಲದ್ದು, ಸಾಹುಕಾರರು ಚಹಾ ತರಿಸಿದರು.

"ನಿನ್ನ ಮಾತು ಖರೇ ಆತು ನೋಡು. ಈಗ ಜಾಗಾ ಮಸ್ತ್ ಐತಿ. ಇನ್ನ ಕಾಯಾಂವ ಯಾಕ ಬೇಕು, ನೀನ ಹೇಳು?"

ಹನೀಫ್ ಚಹಾ ಪೂರ್ತಿ ಕುಡಿದು ಎದ್ದ.

ಮಧ್ಯಾಹ್ನವೇ ರಾಣೆಬೆನ್ನೂರಿನ ಮನೆ ಹೊಕ್ಕ ಗಂಡನನ್ನು ಕಂಡು ರೋಷನಬಿ ಕೇಳಿದಳು: "ಯಾಕ ಇಷ್ಟ ಲಗೂ ಬಂದ್ರಿ?"

"ಸಾವ್ಕಾರ್ರು ಕಡೀಕೂ ನನ್ನ ಮಾತು ಕೇಳಿದ್ರು," ಎಂದ.